ಕಡಿದಾದ ಕಾಡುಬೆಟ್ಟದ ಇಳಿಜಾರಿನಲ್ಲಿ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ಯಾವ ಬೀದಿಯಲ್ಲಿ ನಿಂತರೂ ಒಂದು ಬೆಟ್ಟ ಕಣ್ಣಿಗೆ ಬೀಳುತ್ತದೆ. ನಂದಿ, ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಎಂದು ಸಾಲುಗಟ್ಟಿ ನಿಂತಿವೆ. ಅವುಗಳ ಮಗ್ಗುಲಲ್ಲಿ ಜಮೀನು ಕೊಂಡವರು, ಕೊಳ್ಳಬೇಕೆಂದಿರುವವರು ಆಗಾಗ ನನ್ನ ಬಳಿ ಬರುತ್ತಾರೆ. ಕೈಯಲ್ಲಿ ಮೊಬೈಲ್, ಮೊಬೈಲಿನಲ್ಲಿ ಯಾವುದೋ ದೇಶದ ಗಾಜಿನ ಮನೆಯ ಚಿತ್ರ. ಆ ಆಸೆ ತಪ್ಪಲ್ಲ. ಮನೆಗಳ ನಕ್ಷೆ ಬರೆದು ಬದುಕುವ ನನಗೂ ಅಂಥ ಮನೆಗಳ ಮೇಲೆ ಪ್ರೀತಿಯಿದೆ. ಆದರೆ ಬಂದವರೆಲ್ಲ ಕೋಣೆ, ಕಿಟಕಿ, ನೋಟದ ಬಗ್ಗೆಯೇ ಕೇಳುತ್ತಾರೆ. ಮಳೆ ಬಂದಾಗ ನೀರು ಎಲ್ಲಿ ಹರಿಯುತ್ತದೆ ಎಂದು ಕೇಳುವವರು ಅಪರೂಪ. ಇಳಿಜಾರಿನ ಜಾಗದಲ್ಲಿ ಮೊದಲ ನಕ್ಷೆ ಬರೆಯಬೇಕಾದದ್ದು ನೀರಿನ ದಾರಿಗೆ, ಎರಡನೆಯದು ಮನೆಗೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಜಾಗ ಇನ್ನೂ ಕೊಂಡಿಲ್ಲ. ಮೊದಲು ಏನನ್ನು ನೋಡಬೇಕು?

ಕಾಗದಗಳನ್ನು. ಬೆಟ್ಟದ ತಪ್ಪಲಿನ ಜಮೀನು ಎಂದರೆ ಒಂದು ಮಗ್ಗುಲಲ್ಲಿ ಅರಣ್ಯ, ಇನ್ನೊಂದು ಮಗ್ಗುಲಲ್ಲಿ ಗೋಮಾಳ, ನಡುವೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ನೋಡಿ ಸಮಾಧಾನಪಡಬೇಡಿ. ಅದರಲ್ಲಿ ‘ಬಿ’ ಖರಾಬು ಎಷ್ಟು ಗುಂಟೆ ಎಂಬುದನ್ನು ನೋಡಿ. ಅದು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ನಿಮ್ಮ ಬೇಲಿಯೊಳಗೆ ಬಂದರೂ ನಿಮ್ಮದಾಗುವುದಿಲ್ಲ. ಗ್ರಾಮ ನಕಾಶೆಯನ್ನೂ ತರಿಸಿಕೊಳ್ಳಿ. ಹಳ್ಳದ ಗೆರೆ ಅದರಲ್ಲಿ ಇರುತ್ತದೆ. ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ, ಮೊದಲ ಅಂದಾಜಿಗೆ ಅದು ಒಳ್ಳೆಯದು. ಆದರೆ ಎಲ್ಲೆ ಗುರುತಿಸುವುದು ಸರ್ವೆಯರ್ ಕೆಲಸ.

ಆಮೇಲೆ ಅರಣ್ಯದ ವಿಷಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಅಥವಾ 17ನೇ ಸೆಕ್ಷನ್ನಿನ ಅಧಿಸೂಚನೆ, ಅಂದರೆ ಮೀಸಲು ಅರಣ್ಯವೆಂದು ಘೋಷಿಸುವ ಆದೇಶ, ಆ ಸರ್ವೆ ನಂಬರಿಗೆ ಇದೆಯೇ ಎಂದು ಪರಿಶೀಲಿಸಿ. ಇಲ್ಲದಿದ್ದರೂ ನಿರಾಳವಾಗಬೇಡಿ. ಒಡೆತನ ಯಾರದ್ದೇ ಇರಲಿ, ಅರಣ್ಯದ ಲಕ್ಷಣವಿರುವ ಜಾಗವೂ ಅರಣ್ಯವೇ ಎಂದು 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ‘ಡೀಮ್ಡ್ ಅರಣ್ಯ’ ಎಂಬ ಮಾತು ನಮ್ಮ ಕಚೇರಿಗಳಲ್ಲಿ ಓಡಾಡುವುದು ಆ ಆದೇಶದ ನಂತರ. ಅನುಮಾನವಿದ್ದರೆ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ಆಗುವ ತನಕ ಮುಂಗಡ ಕೊಡಬೇಡಿ. ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆಯೇ ಎಂದು ವಕೀಲರನ್ನು ಕೇಳಿ. ಇದೆಲ್ಲ ಸರಿಯಿದ್ದ ಮೇಲೆ ಭೂ ಪರಿವರ್ತನೆ, ಯೋಜನಾ ಪ್ರಾಧಿಕಾರ, ಪಂಚಾಯಿತಿ ಅನುಮತಿಯ ಮಾತು. ಕಾಗದ ಸರಿಯಿಲ್ಲದ ಬೆಟ್ಟದ ಜಾಗಕ್ಕೆ ನಾನು ಒಂದು ಗೆರೆಯನ್ನೂ ಎಳೆಯುವುದಿಲ್ಲ. ಆ ಕಾಡು ಕೊಂಡವರದ್ದೂ ಅಲ್ಲ, ನನ್ನದೂ ಅಲ್ಲ.

ಎಷ್ಟು ಇಳಿಜಾರಿನವರೆಗೆ ಮನೆ ಕಟ್ಟಬಹುದು? ಅದನ್ನು ಅಳೆಯುವುದು ಹೇಗೆ?

ದೊಡ್ಡ ಯಂತ್ರ ಬೇಕಿಲ್ಲ. 10 ಅಡಿ ಉದ್ದದ ನೇರವಾದ ಅಲ್ಯುಮಿನಿಯಂ ಪಟ್ಟಿ, ಮೇಸ್ತ್ರಿಯ ರಸಮಟ್ಟ, ಒಂದು ಟೇಪು ಸಾಕು. ಪಟ್ಟಿಯ ಒಂದು ತುದಿಯನ್ನು ಮೇಲಿನ ನೆಲಕ್ಕೆ ತಾಗಿಸಿ, ರಸಮಟ್ಟದ ಗುಳ್ಳೆ ನಡುವೆ ನಿಲ್ಲುವಂತೆ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಅಂತರವಿದೆ ಎಂದು ಅಳೆಯಿರಿ. 2 ಅಡಿ ಬಂದರೆ ಇಳಿಜಾರು ಸುಮಾರು 11 ಡಿಗ್ರಿ. 4 ಅಡಿ ಬಂದರೆ 22. 6 ಅಡಿ ಬಂದರೆ 31.

15 ಡಿಗ್ರಿಯವರೆಗೆ ಕಟ್ಟುವುದು ಕಷ್ಟವಲ್ಲ. 15ರಿಂದ 30ರವರೆಗೆ ಮಣ್ಣು ಪರೀಕ್ಷೆ, ಸ್ಟ್ರಕ್ಚರಲ್ ಎಂಜಿನಿಯರ್, ಕೈ ಬಿಚ್ಚಿ ಖರ್ಚು ಮಾಡುವ ಶಕ್ತಿ ಮೂರೂ ಬೇಕು. 30 ದಾಟಿದ ಮೇಲೆ ಬೇಡ ಎನ್ನುತ್ತೇನೆ. ಅಲ್ಲಿ ಕಟ್ಟಲು ಸಾಧ್ಯವೇ ಇಲ್ಲ ಎಂದಲ್ಲ. ಅಲ್ಲಿ ಮನೆಗಾಗಿ ಬೆಟ್ಟಕ್ಕೆ ಮಾಡಬೇಕಾದ ಗಾಯ ಮನೆಗಿಂತ ದೊಡ್ಡದಾಗುತ್ತದೆ. ನಮ್ಮ ಸೀಮೆಯ ಹಳೆಯ ಊರುಗಳನ್ನು ನೋಡಿ. ನಂದಿ ಗ್ರಾಮವಾಗಲಿ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಾಗಲಿ, ಬೆಟ್ಟದ ಬುಡದಲ್ಲಿವೆ. ಇಳಿಜಾರನ್ನು ಹಿರಿಯರು ದನಕ್ಕೂ ಸೌದೆಗೂ ನೀರಿಗೂ ಬಿಟ್ಟಿದ್ದರು.

ಜೆಸಿಬಿ ತಂದು ಎರಡು ದಿನದಲ್ಲಿ ಸಮತಟ್ಟು ಮಾಡಿಸಿದರೆ ಆಗದೇ?

ಇದು ಎಲ್ಲರೂ ಕೇಳುವ ಪ್ರಶ್ನೆ, ನನಗೆ ಅತಿ ಹೆಚ್ಚು ಸಂಕಟ ಕೊಡುವ ಪ್ರಶ್ನೆಯೂ ಹೌದು. ಯಂತ್ರ ಏನು ಮಾಡುತ್ತದೆ? ಮೇಲಿನ ಭಾಗ ಕಡಿದು ಆ ಮಣ್ಣನ್ನು ಕೆಳಗೆ ತಳ್ಳುತ್ತದೆ. ಸಂಜೆಗೆ ಕ್ರಿಕೆಟ್ ಆಡುವಷ್ಟು ಚಪ್ಪಟೆ ಜಾಗ ಕಾಣುತ್ತದೆ. ಆದರೆ ಅದರ ಒಳ ಅರ್ಧ ಸಾವಿರಾರು ವರ್ಷ ಕೂತು ಗಟ್ಟಿಯಾದ ಗೊರಚು ನೆಲ. ಹೊರ ಅರ್ಧ ನಿನ್ನೆ ಸುರಿದ ಸಡಿಲ ಮಣ್ಣು. ಮನೆಯ ಒಂದು ಕಾಲು ಅದರ ಮೇಲೆ, ಇನ್ನೊಂದು ಕಾಲು ಇದರ ಮೇಲೆ. ಮೊದಲ ಎರಡು ಮಳೆಗಾಲದಲ್ಲಿ ಸಡಿಲ ಮಣ್ಣು ಕುಗ್ಗುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಗಾರೆ ಮೆತ್ತಿ ಬಣ್ಣ ಬಳಿದರೆ ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಕೆಳಗೆ ತಳ್ಳಿದ ಮಣ್ಣು ಅಲ್ಲಿದ್ದ ಮರಗಳ ಬುಡ ಮುಚ್ಚಿ ಅವನ್ನೂ ಕೊಲ್ಲುತ್ತದೆ. ಕಡಿದ ಕಡೆ ಎದ್ದ ನೆಟ್ಟಗಿನ ಮಣ್ಣಿನ ಗೋಡೆಗೆ ಆಸರೆಯೇ ಇರುವುದಿಲ್ಲ.

ನೆಲವನ್ನು ಮನೆಗೆ ತಕ್ಕಂತೆ ಬದಲಿಸುವ ಬದಲು ಮನೆಯನ್ನು ನೆಲಕ್ಕೆ ತಕ್ಕಂತೆ ಮುರಿಯಿರಿ. ಅರ್ಧ ಮೀಟರ್ ಅಂತರದ ಸಮೋನ್ನತ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಸರ್ವೆ ಮಾಡಿಸಿ. ಮನೆಯ ಉದ್ದ ಆ ರೇಖೆಗಳ ಜೊತೆಗೆ ಸಾಗಲಿ, ಅಡ್ಡಗಲ ಕಿರಿದಾಗಿರಲಿ. ಹಜಾರದಿಂದ ಊಟದ ಕೋಣೆಗೆ ಐದಾರು ಮೆಟ್ಟಿಲು, ಅಲ್ಲಿಂದ ಮಲಗುವ ಕೋಣೆಗೆ ಇನ್ನು ಐದಾರು. ನಮ್ಮ ರೈತರು ಇಳಿಜಾರಿನ ಹೊಲಕ್ಕೆ ಬದು ಹಾಕುವುದು ಇದೇ ಲೆಕ್ಕದಲ್ಲಿ: ಒಂದು ದೊಡ್ಡ ಕಡಿತಕ್ಕೆ ಬದಲಾಗಿ ಹಲವು ಸಣ್ಣ ಮೆಟ್ಟಿಲು. ಹೀಗೆ ಕಟ್ಟಿದ ಮನೆಯಲ್ಲಿ ಪ್ರತಿ ಕೋಣೆಗೂ ತನ್ನದೇ ನೋಟ ಸಿಗುತ್ತದೆ, ಒಂದರ ಬೆನ್ನಿಗೆ ಇನ್ನೊಂದು ಅಡ್ಡ ನಿಲ್ಲುವುದಿಲ್ಲ. ಮೊಬೈಲಿನ ಚಿತ್ರದಲ್ಲಿರುವ ಅಂದ ಬರುವುದೂ ಹೀಗೆಯೇ.

ನಮ್ಮದು ಬರದ ಜಿಲ್ಲೆ. ಮಳೆನೀರಿಗೆ ಇಷ್ಟೊಂದು ಹೆದರಬೇಕೇ?

ವರ್ಷವಿಡೀ ಬೀಳುವ ಮಳೆ ಕಡಿಮೆ ಎಂಬುದು ನಿಜ, ಸುಮಾರು 700 ಮಿಲಿಮೀಟರ್. ಆದರೆ ಅದು ಮಲೆನಾಡಿನ ಜಿಟಿಜಿಟಿ ಮಳೆಯಲ್ಲ. ಸೆಪ್ಟೆಂಬರ್-ಅಕ್ಟೋಬರ್‌ನ ಉತ್ತರೆ, ಹಸ್ತ, ಚಿತ್ತ ಮಳೆಗಳಲ್ಲಿ ಒಂದೇ ಸಂಜೆ 50 ಮಿಲಿಮೀಟರ್ ಸುರಿದು ಹೋಗುವುದುಂಟು. ನಿಮ್ಮ ಮನೆಯ ಮೇಲುಗಡೆ ಒಂದೇ ಒಂದು ಎಕರೆ ಇಳಿಜಾರಿದೆ ಎಂದುಕೊಳ್ಳಿ. ಅಂಥ ಒಂದು ಸಂಜೆ ಆ ಎಕರೆಯ ಮೇಲೆ ಬೀಳುವ ನೀರು ಎರಡು ಲಕ್ಷ ಲೀಟರ್. ಮೇಲೆ ಬರಿಯ ಹಾಸುಬಂಡೆಯಿದ್ದರೆ ಅದರಲ್ಲಿ ಹೆಚ್ಚು ಪಾಲು ಇಂಗದೆ ನೇರವಾಗಿ ನಿಮ್ಮ ಹಿತ್ತಿಲ ಗೋಡೆಗೆ ಬರುತ್ತದೆ. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿಯ ಮಳೆಗೆ ನಂದಿಬೆಟ್ಟದ ರಸ್ತೆಯ ಮೇಲೆ ಮಣ್ಣು ಕಲ್ಲು ಕುಸಿದು, ರಸ್ತೆ ಕಿತ್ತುಹೋಗಿ, ಪ್ರವಾಸಿಗರ ಸಂಚಾರ ತಿಂಗಳುಗಟ್ಟಲೆ ನಿಂತದ್ದು ಈ ಕಡೆಯವರಿಗೆಲ್ಲ ನೆನಪಿದೆ.

ಕೆಲವು ವರ್ಷಗಳ ಹಿಂದೆ ಒಂದು ಜಾಗ ನೋಡಲು ಮಾರ್ಚ್ ತಿಂಗಳಲ್ಲಿ ಹೋಗಿದ್ದೆ. ಎರಡು ಬಂಡೆಗಳ ನಡುವೆ ಹುಲ್ಲು ಹಾಸಿದ ತಗ್ಗು, ಪಕ್ಕದಲ್ಲಿ ಒಂದು ಹಳೆಯ ಅತ್ತಿ ಮರ. ಮನೆಗೆ ಹೇಳಿ ಮಾಡಿಸಿದ ಜಾಗ ಎನ್ನಿಸಿತು. ಪುಸ್ತಕ ತೆಗೆದು ಗೀಚತೊಡಗಿದೆ. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೋಲಿಗೆ ಗಲ್ಲ ಊರಿ ಬಹಳ ಹೊತ್ತು ನೋಡುತ್ತಿದ್ದವರು, “ತಾಯಿ, ನೀವು ನಿಂತಿರುವುದು ಹಳ್ಳದಲ್ಲಿ” ಎಂದರು. ಹನಿ ನೀರಿಲ್ಲದ ಕಡೆ ಹಳ್ಳವೆಲ್ಲಿಂದ ಬಂತು? ಅವರು ಹತ್ತಿರ ಬಂದು ಅತ್ತಿಯ ಬುಡ ತೋರಿಸಿದರು. ನೆಲದಿಂದ ಮೊಣಕಾಲೆತ್ತರದಲ್ಲಿ, ಮೇಲಿನ ಮಗ್ಗುಲಲ್ಲಿ ಮಾತ್ರ, ಒಣಗಿದ ಕಸಕಡ್ಡಿ, ತರಗೆಲೆ, ಒಂದು ಹರಿದ ಚಪ್ಪಲಿಯ ಪಟ್ಟಿ ಸಿಕ್ಕಿಕೊಂಡಿದ್ದವು. ಕಳೆದ ಹಸ್ತ ಮಳೆಯ ನೀರು ನಿಂತ ಮಟ್ಟ ಅದು. ಆ ದಿನದಿಂದ ನಾನು ಯಾವ ಬೆಟ್ಟದ ಜಾಗಕ್ಕೆ ಹೋದರೂ ಮೊದಲು ಮರಗಳ ಬುಡ ನೋಡುತ್ತೇನೆ. ಮಳೆಗಾಲದಲ್ಲಿ ಒಮ್ಮೆಯಾದರೂ ಕೊಡೆ ಹಿಡಿದು ಹೋಗಿ, ನೀರು ಹರಿಯುವ ಗೆರೆಗಳಿಗೆ ಗೂಟ ಹೊಡೆದು ಬರುತ್ತೇನೆ. ಮನೆಯ ಮಾಲೀಕರನ್ನೂ ಜೊತೆಗೆ ಕರೆದೊಯ್ಯುತ್ತೇನೆ, ಅವರು ನೆನೆದರೂ ಸರಿ.

ಮನೆಗಿಂತ 15–20 ಅಡಿ ಮೇಲೆ ಇಳಿಜಾರಿಗೆ ಅಡ್ಡವಾಗಿ ಕಲ್ಲು ಕಟ್ಟಿದ ಕಾಲುವೆ ಇರಬೇಕು. ನೂರು ಅಡಿಗೆ ಒಂದು ಅಡಿ ವಾಟ ಸಾಕು, ಹೆಚ್ಚಾದರೆ ನೀರು ಕಾಲುವೆಯನ್ನೇ ಕೊರೆಯುತ್ತದೆ. ಕೊನೆಯಲ್ಲಿ ಹೂಳುಗುಂಡಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸಹಜ ಹಳ್ಳಕ್ಕೆ. ಪಕ್ಕದವರ ಹೊಲಕ್ಕೆ ತಿರುಗಿಸಬೇಡಿ. ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ, ಪಿನಾಕಿನಿಯರು ಹುಟ್ಟುವ ಸೀಮೆ ಇದು. ನಿಮ್ಮ ಹಿತ್ತಿಲ ಸಣ್ಣ ಹಳ್ಳವೂ ಯಾವುದೋ ಕೆರೆಗೆ ಲೆಕ್ಕ ಒಪ್ಪಿಸಬೇಕಾದದ್ದೇ.

ತಡೆಗೋಡೆ ಎಷ್ಟು ದಪ್ಪ ಇರಬೇಕು?

ದಪ್ಪಕ್ಕಿಂತ ಮೊದಲು ಎತ್ತರ ಕೇಳಿ. ಗೋಡೆಯ ಎತ್ತರ ಎರಡರಷ್ಟಾದರೆ ಮಣ್ಣಿನ ತಳ್ಳುವಿಕೆ ನಾಲ್ಕರಷ್ಟಾಗುತ್ತದೆ, ಗೋಡೆಯನ್ನು ಮಗುಚುವ ಬಲ ಎಂಟರಷ್ಟಾಗುತ್ತದೆ. ಆದ್ದರಿಂದ 10 ಅಡಿಯ ಒಂದು ಗೋಡೆಗಿಂತ, ನಡುವೆ ಸಾಕಷ್ಟು ಜಾಗ ಬಿಟ್ಟು ಕಟ್ಟಿದ 5 ಅಡಿಯ ಎರಡು ಗೋಡೆಗಳು ಎಷ್ಟೋ ಮೇಲು.

ಇನ್ನು ನೀರು. 10 ಅಡಿ ಗೋಡೆಯ ಪ್ರತಿ ಮೀಟರ್ ಉದ್ದವನ್ನು ಒಣ ಮಣ್ಣು ಸುಮಾರು ಎರಡೂವರೆಯಿಂದ ಮೂರು ಟನ್ ಬಲದಿಂದ ತಳ್ಳುತ್ತದೆ. ಗೋಡೆಯ ಹಿಂದೆ ನೀರು ತುಂಬಿ ನಿಂತರೆ ಅದೇ ತಳ್ಳುವಿಕೆ ಆರು ಟನ್ನಿನ ಹತ್ತಿರ ಹೋಗುತ್ತದೆ. ಕುಸಿದ ತಡೆಗೋಡೆಗಳಲ್ಲಿ ಹೆಚ್ಚಿನವು ಮಣ್ಣಿಗೆ ಸೋತವಲ್ಲ, ನೀರಿಗೆ ಸೋತವು. ಹಾಗಾಗಿ ಗೋಡೆಯ ಬೆನ್ನಿಗೆ ಒಂದು ಅಡಿ ದಪ್ಪ ಜಲ್ಲಿ ತುಂಬಬೇಕು, ಬುಡದಲ್ಲಿ ತೂತಿನ ಪೈಪು ಹಾಸಬೇಕು, ಐದಾರು ಅಡಿಗೊಂದರಂತೆ ಮೂರು-ನಾಲ್ಕು ಇಂಚಿನ ವೀಪ್ ಹೋಲ್, ಅಂದರೆ ನೀರು ಹೊರಬರುವ ತೂತು ಬಿಡಬೇಕು. ಅವು ಹೊರಕ್ಕೆ ವಾಟವಾಗಿರಬೇಕು.

ನನ್ನದೇ ಒಂದು ಕೆಲಸದಲ್ಲಿ ಈ ಪಾಠ ಕಲಿತೆ. ಗೋಡೆ ಚೆನ್ನಾಗಿ ಎದ್ದಿತ್ತು, ತೂತುಗಳೂ ಇದ್ದವು. ಗೃಹಪ್ರವೇಶಕ್ಕೆ ವಾರವಿದ್ದಾಗ ಗುತ್ತಿಗೆದಾರರು ಅಂದಕ್ಕೆಂದು ಇಡೀ ಗೋಡೆಗೆ ಗಾರೆ ಎಳೆಸಿದರು, ತೂತುಗಳೆಲ್ಲ ಮುಚ್ಚಿಹೋದವು. ನಾನು ಆ ವಾರ ಅಲ್ಲಿಗೆ ಹೋಗಲಿಲ್ಲ. ಅದು ನನ್ನ ತಪ್ಪು. ಅಕ್ಟೋಬರ್‌ನಲ್ಲಿ ಮಾಲೀಕರು ಫೋನ್ ಮಾಡಿ ಗೋಡೆ ಹೊಟ್ಟೆ ಬಿಟ್ಟಿದೆ ಎಂದರು. ಹೋಗಿ ತೂಗುಗುಂಡು ಇಳಿಬಿಟ್ಟರೆ ನಡುಭಾಗ ಮೂರು ಇಂಚು ಮುಂದೆ ಬಂದಿತ್ತು. ಮೇಸ್ತ್ರಿ ಗುರುತು ನೋಡಿ ಒಂದು ಕಡೆ ಉಳಿಯಿಂದ ಗಾರೆ ಕಿತ್ತಾಗ ಕೆಂಪು ನೀರು ಮಾರು ದೂರ ಚಿಮ್ಮಿತು. ಅರ್ಧ ಗಂಟೆ ಹಾಗೆಯೇ ಹರಿಯಿತು. ಆ ಭಾಗವನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಈಗ ನನ್ನ ನಕ್ಷೆಗಳಲ್ಲಿ ತಡೆಗೋಡೆಗೆ ಗಾರೆಯೇ ಇರುವುದಿಲ್ಲ. ನಮ್ಮ ಸೈಜುಗಲ್ಲು ಬರಿಮೈಯಲ್ಲೇ ಸುಂದರವಾಗಿದೆ.

ಜಾಗದಲ್ಲಿ ದೊಡ್ಡ ದೊಡ್ಡ ಗುಂಡುಬಂಡೆಗಳಿವೆ. ತೆಗೆಸಬೇಕೇ?

ಮೊದಲು ಅವು ಯಾವುದರ ಮೇಲೆ ಕೂತಿವೆ ನೋಡಿ. ಬಂಡೆಯ ಮೇಲೆ ಬಂಡೆಯಾಗಿ ಕೂತ ಗುಂಡು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಮಣ್ಣಿನ ಮೇಲೆ ಕೂತದ್ದರ ಮಾತು ಬೇರೆ. ಹಾರೆಯ ತುದಿಯಿಂದ ಕೆಳ ಅಂಚನ್ನು ಕೆದಕಿ, ಹಾರೆ ಎಷ್ಟು ದೂರ ಸಲೀಸಾಗಿ ಒಳ ಹೋಗುತ್ತದೆ ನೋಡಿ. ಮಳೆ ನಿಂತ ಮರುದಿನ ಅದರ ಬುಡದಿಂದ ನೀರು ತಿಳಿಯಾಗಿ ಬರುತ್ತಿದ್ದರೆ ಚಿಂತೆ ಕಡಿಮೆ. ಕೆಂಪಾಗಿ ಬರುತ್ತಿದ್ದರೆ ಅದು ತನ್ನ ಕೆಳಗಿನ ಮಣ್ಣನ್ನು ಕಳೆದುಕೊಳ್ಳುತ್ತಿದೆ ಎಂದರ್ಥ. ಹತ್ತಿರದ ಮರಗಳ ಕಾಂಡ ಬುಡದಲ್ಲಿ ಕುಡುಗೋಲಿನಂತೆ ಬಾಗಿ ಮೇಲೆ ನೆಟ್ಟಗಾಗಿದ್ದರೆ ಇಡೀ ಮಣ್ಣೇ ನಿಧಾನವಾಗಿ ಜಾರುತ್ತಿರಬಹುದು. ಅಂಥ ಕಡೆ ಭೂಗರ್ಭ ತಜ್ಞರು ಬಂದು ನೋಡುವ ತನಕ ಏನನ್ನೂ ಮುಟ್ಟಬೇಡಿ.

ಸಿಡಿಮದ್ದು ಬೇಡವೇ ಬೇಡ. ಒಂದು ಗುಂಡು ಒಡೆಯಲು ಹೋಗಿ ಮೇಲಿನ ಹತ್ತನ್ನು ಅಲುಗಿಸಿದಂತಾಗುತ್ತದೆ. ನಮ್ಮ ಕಲ್ಲುಕುಟಿಗರು ಸಾಲಾಗಿ ಗುಳಿ ಹೊಡೆದು ಬೆಣೆ ಬಡಿದು ಬಂಡೆಯನ್ನು ಬ್ರೆಡ್ಡಿನಂತೆ ಸೀಳುತ್ತಾರೆ. ಸ್ಥಿರವಾದ ಗುಂಡನ್ನು ಮನೆಯೊಳಗೇ ಸೇರಿಸಿಕೊಳ್ಳಿ. ಹಜಾರದ ಮೂಲೆಯಲ್ಲಿ ಕಾಡಿನ ಬಂಡೆ ಎದ್ದು ನಿಂತಿರುವ ಮನೆಯನ್ನು ನೋಡಿದವರು ಮರೆಯುವುದಿಲ್ಲ. ಗೋಡೆಗೂ ಬಂಡೆಗೂ ನಡುವಿನ ಸಂದಿಯಲ್ಲಿ ನೀರು ಜಿನುಗದಂತೆ ಕಟ್ಟುವುದು ಮಾತ್ರ ತಾಳ್ಮೆಯ ಕೆಲಸ.

ಕಂಬಗಳ ಮೇಲೆ ನಿಂತ ಮನೆ, ಗಾಳಿಯಲ್ಲಿ ಚಾಚಿದ ಬಾಲ್ಕನಿ ನಮ್ಮಲ್ಲಿ ಸಾಧ್ಯವೇ?

ಸಾಧ್ಯ. ಕಡಿದಾದ ನೆಲಕ್ಕೆ ಅದೇ ಒಳ್ಳೆಯ ದಾರಿ. ನೆಲ ಕಡಿಯುವುದು ಕಂಬದ ಬುಡಕ್ಕೆ ಮಾತ್ರ, ನೀರು ಮನೆಯ ಕೆಳಗೆ ತನ್ನ ಪಾಡಿಗೆ ಹರಿದುಹೋಗುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಜಾನ್ ಲಾಟ್ನರ್ 1960ರಲ್ಲಿ 45 ಡಿಗ್ರಿ ಇಳಿಜಾರಿನ ಮೇಲೆ, ಯಾರೂ ಕಟ್ಟಲಾಗದು ಎಂದುಕೊಂಡಿದ್ದ ಜಾಗದಲ್ಲಿ, ಒಂದೇ ಕಾಂಕ್ರೀಟ್ ಕಂಬದ ಮೇಲೆ ಎಂಟು ಮೂಲೆಯ ಮನೆ ನಿಲ್ಲಿಸಿದರು. ಕೆಮೋಸ್ಫಿಯರ್ ಎಂದು ಅದರ ಹೆಸರು. ಕಣ್ಣಿಗೆ ಕಾಣುವುದು ಒಂದು ಕಂಬ. ಅದರ ಹಿಂದಿನ ಸಾಹಸವೆಲ್ಲ ಮಣ್ಣಿನಡಿಯ ಭಾರಿ ಪೀಠದಲ್ಲಿದೆ. ಚಾಚುವ ಆಸೆಗೆ ಮಿತಿ ಬೇಕು ಎಂಬುದಕ್ಕೆ ಪೆನ್ಸಿಲ್ವೇನಿಯಾದ ಫಾಲಿಂಗ್‌ವಾಟರ್ ಸಾಕ್ಷಿ. ಫ್ರಾಂಕ್ ಲಾಯ್ಡ್ ರೈಟ್ 1930ರ ದಶಕದಲ್ಲಿ ಜಲಪಾತದ ಮೇಲೆ ಚಾಚಿದ ಆ ಬಾಲ್ಕನಿಗಳು ವರ್ಷಗಳು ಕಳೆದಂತೆ ಏಳು ಇಂಚಿನಷ್ಟು ಬಾಗಿ, 2002ರಲ್ಲಿ ಒಳಗೆ ಉಕ್ಕಿನ ತಂತಿಗಳನ್ನು ಬಿಗಿದು ಉಳಿಸಿಕೊಳ್ಳಬೇಕಾಯಿತು. ಜಗತ್ತಿನ ಅತಿ ಸುಂದರ ಮನೆಗಳಲ್ಲಿ ಅದೊಂದು ಎಂದು ಈಗಲೂ ನಂಬುತ್ತೇನೆ. ಆದರೂ ನನ್ನ ಬಾಲ್ಕನಿಗಳು ಐದು ಅಡಿ ದಾಟುವುದಿಲ್ಲ.

ಒಂದು ಎಚ್ಚರಿಕೆ. ಇಳಿಜಾರಿನಲ್ಲಿ ಮೇಲುಗಡೆಯ ಕಂಬ ಗಿಡ್ಡ, ಕೆಳಗಡೆಯದು ಉದ್ದ. ನೆಲ ಅಲುಗಿದಾಗ ಗಿಡ್ಡ ಕಂಬ ಬಾಗುವುದಿಲ್ಲ, ಸೆಟೆದು ನಿಲ್ಲುತ್ತದೆ. ಅರ್ಧ ಎತ್ತರದ ಕಂಬದ ಬಿಗಿತ ಎಂಟು ಪಟ್ಟು. ಹಾಗಾಗಿ ಬಲವೆಲ್ಲ ಅದರ ಮೇಲೆ ಬಿದ್ದು ಮೊದಲು ಮುರಿಯುವುದು ಅದೇ. ನಮ್ಮಲ್ಲಿ ಭೂಕಂಪದ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾಗದು. 2021ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ನೆಲ ಲಘುವಾಗಿ ಕಂಪಿಸಿ ಜನ ಮನೆಯಿಂದ ಹೊರಗೆ ಓಡಿ ಬಂದಿದ್ದರು. ಕಂಬಗಳ ಲೆಕ್ಕವನ್ನು ಎಂಜಿನಿಯರ್ ಮಾಡಲಿ, ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ.

ನೋಟವಿರುವ ಕಡೆ ಪೂರ್ತಿ ಗಾಜು ಹಾಕಿಸಬಹುದೇ?

ನೋಟ ಯಾವ ದಿಕ್ಕಿಗಿದೆ ಎಂಬುದರ ಮೇಲೆ ಹೋಗುತ್ತದೆ. ಉತ್ತರಕ್ಕಿದ್ದರೆ ಧಾರಾಳವಾಗಿ ಹಾಕಿಸಿ. ದಕ್ಷಿಣಕ್ಕಿದ್ದರೆ ಮೂರು-ನಾಲ್ಕು ಅಡಿ ಸಜ್ಜಾ ಇರಲಿ. ನಮ್ಮಲ್ಲಿ ಡಿಸೆಂಬರ್ ನಡುಮಧ್ಯಾಹ್ನವೂ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ, ಹೆಚ್ಚಿನ ಬಿಸಿಲನ್ನು ಸಜ್ಜಾ ತಡೆಯುತ್ತದೆ. ಪಶ್ಚಿಮಕ್ಕಿದ್ದರೆ ಬೇಡ. ಸಂಜೆಯ ಬಿಸಿಲು ಅಡ್ಡಲಾಗಿ ಬರುತ್ತದೆ, ಸಜ್ಜಾಕ್ಕೆ ಸಿಗುವುದಿಲ್ಲ. ಜೊತೆಗೆ ಹಗಲೆಲ್ಲ ಕಾದ ಹಾಸುಬಂಡೆ ಕತ್ತಲಾದ ಮೇಲೂ ಶಾಖ ಉಗುಳುತ್ತಿರುತ್ತದೆ. ಆ ಕಡೆ ಒಂದು ಜಗಲಿ ಇಟ್ಟು, ಕಿರಿದಾದ ಉದ್ದ ಕಿಟಕಿಗಳಲ್ಲಿ ನೋಟವನ್ನು ಹಂಚಿ.

ಗಾಳಿಯನ್ನೂ ಮರೆಯಬೇಡಿ. ಬಯಲಿನ ಗಾಳಿ ಬೆಟ್ಟದ ಮೈ ಏರುವಾಗ ವೇಗ ಪಡೆಯುತ್ತದೆ. ನೆತ್ತಿಯ ಹತ್ತಿರ ಗಾಳಿಯ ವೇಗವನ್ನು 1.36 ಪಟ್ಟಿನವರೆಗೂ ಲೆಕ್ಕ ಹಿಡಿಯಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ. ಒತ್ತಡ ವೇಗದ ವರ್ಗದಂತೆ ಏರುವುದರಿಂದ ಗಾಜಿನ ಮೇಲಿನ ಭಾರ ಶೇಕಡಾ 85ರಷ್ಟು ಹೆಚ್ಚುತ್ತದೆ. ಹಗುರ ತಗಡಿನ ಚಾವಣಿಗೂ ಇದೇ ಮಾತು.

ವಾಸ್ತು ಪ್ರಕಾರ ನೈರುತ್ಯ ಎತ್ತರ, ಈಶಾನ್ಯ ತಗ್ಗು ಇರಬೇಕಲ್ಲವೇ? ನಮ್ಮ ಇಳಿಜಾರು ಉಲ್ಟಾ ಇದೆ.

ಮನೆಯ ಹಿರಿಯರ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಮುಂಬಾಗಿಲು, ಅಡುಗೆಮನೆ, ದೇವರ ಮನೆಯ ದಿಕ್ಕುಗಳನ್ನು ಇಳಿಜಾರಿನಲ್ಲೂ ಹೊಂದಿಸಬಹುದು, ಹೊಂದಿಸಿದ್ದೇನೆ. ಆದರೆ ತಗ್ಗಿನ ನೈರುತ್ಯಕ್ಕೆ ಲಾರಿಗಟ್ಟಲೆ ಮಣ್ಣು ತುಂಬಿ ಎತ್ತರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಆ ಮಣ್ಣು ಒಂದಲ್ಲ ಒಂದು ಮಳೆಗೆ ಇಳಿದೇ ಇಳಿಯುತ್ತದೆ. ಎತ್ತರ ಬೇಕೇ ಬೇಕೆಂದರೆ ನೀರಿನ ತೊಟ್ಟಿಯನ್ನೋ ಮೇಲಂತಸ್ತಿನ ಕೋಣೆಯನ್ನೋ ಆ ಮೂಲೆಗೆ ಇಡೋಣ ಎನ್ನುತ್ತೇನೆ. ಬಹಳ ಮಂದಿ ಒಪ್ಪಿದ್ದಾರೆ.

ಮರಗಳನ್ನು ಕಡಿಯದೆ ಕಟ್ಟಲು ಆಗುತ್ತದೆಯೇ?

ಒಂದೂ ಕಡಿಯದೆ ಎಂದು ಮಾತು ಕೊಡಲಾರೆ. ಆದರೆ ಪ್ರತಿ ಮರವನ್ನೂ ಸರ್ವೆಯಲ್ಲಿ ಗುರುತಿಸಿ ಅದರ ಹೆಸರು ಬರೆದ ಮೇಲೆಯೇ ಕೋಣೆಗಳ ಮಾತು ಎತ್ತುತ್ತೇನೆ. ದಿಂಡಿಗ, ಕಗ್ಗಲಿ, ಮುತ್ತುಗ, ಕಕ್ಕೆ, ಬೇವು, ಹೊಂಗೆ ಎಂದು ಹೆಸರು ಬರೆಸಿದಾಗ ಮಾಲೀಕರ ಕಣ್ಣೇ ಬದಲಾಗುತ್ತದೆ. ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ಶ್ರೀಗಂಧವಿದ್ದರಂತೂ ನಿಮ್ಮ ಜಮೀನಿನದೇ ಆದರೂ ಅನುಮತಿಯಿಲ್ಲದೆ ಕೊಡಲಿ ತಾಗಿಸಬೇಡಿ.

ಮರ ಕಡಿದ ವರ್ಷ ಇಳಿಜಾರಿಗೆ ಏನೂ ಆಗುವುದಿಲ್ಲ. ಬೇರು ಮಣ್ಣಿನೊಳಗೆ ಇನ್ನೂ ಗಟ್ಟಿಯಾಗಿರುತ್ತದೆ. ಮೂರು ನಾಲ್ಕು ವರ್ಷ ಕಳೆದು ಅದು ಕೊಳೆತ ಮೇಲೆ ಮಣ್ಣಿನ ಹಿಡಿತ ಹೋಗುತ್ತದೆ, ಆಗ ಕುಸಿತ ಶುರು. ಮನೆಯವರು ಆ ಹೊತ್ತಿಗೆ ಮರವನ್ನೇ ಮರೆತಿರುತ್ತಾರೆ. ಲಂಟಾನ ಪೊದೆಗಳನ್ನು ಕೀಳಬಹುದು, ಆದರೆ ಮಳೆಗೆ ಮುಂಚೆ ಒಟ್ಟಿಗೆ ಬೋಳು ಮಾಡಬೇಡಿ. ಪಟ್ಟಿ ಪಟ್ಟಿಯಾಗಿ ಕಿತ್ತು, ಕಿತ್ತ ಕಡೆ ಹುಲ್ಲು ಬೀಜ ಚೆಲ್ಲಿ. ನಂದಿ, ದೇವರಾಯನದುರ್ಗದಂಥ ಬಂಡೆಬೆಟ್ಟಗಳ ಕುರುಚಲಿನಲ್ಲಿ ಮಾತ್ರ ಬದುಕುವ ಹಳದಿ ಕೊರಳಿನ ಪಿಕಳಾರವನ್ನು ನಿಮ್ಮ ಕಿಟಕಿಯಿಂದ ಕಾಣುವ ಭಾಗ್ಯ ಇರಬಹುದು. ಕುರುಚಲು ಹೋದರೆ ಅದೂ ಹೋಗುತ್ತದೆ.

ಕಾಡಿನ ಬೆಂಕಿಯ ಭಯವಿದೆಯೇ?

ಇದೆ. ಜನವರಿಯಿಂದ ಏಪ್ರಿಲ್ ತನಕ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿಯ ಕಿಡಿ ಸಾಕು. ಬೆಂಕಿ ಏರಿನಲ್ಲಿ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಅದರ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಅಪಾಯ ಬರುವುದು ಕೆಳಗಡೆಯಿಂದ, ನಿಮ್ಮ ಬಾಲ್ಕನಿ ಚಾಚಿರುವ ಕಡೆಯಿಂದಲೇ. ಮನೆಯ ಸುತ್ತ 30 ಅಡಿ ಒಣಹುಲ್ಲು ಇಲ್ಲದಂತೆ ಸವರಿ. ಕಂಬಗಳ ಕೆಳಗಿನ ಜಾಗದಲ್ಲಿ ಸೌದೆ, ಹಳೆಯ ಬಾಗಿಲು, ಗ್ಯಾಸ್ ಸಿಲಿಂಡರ್ ಪೇರಿಸಬೇಡಿ. ತೊಟ್ಟಿಯಲ್ಲಿ ಬೇಸಿಗೆಯಿಡೀ ಒಂದಷ್ಟು ನೀರು ಮುಟ್ಟದೆ ಇರಲಿ.

ಬೋರ್‌ವೆಲ್ ಕೊರೆಸಿದರೆ ನೀರು ಸಿಗುತ್ತದೆಯೇ?

ಕೆಳಗಿನ ಬಯಲಿನಲ್ಲೇ ಸಾವಿರ ಅಡಿ ದಾಟಿ ಕೊರೆದು ಬರಿಗೈಯಲ್ಲಿ ಬಂದವರಿದ್ದಾರೆ. ಗ್ರಾನೈಟ್ ಬೆಟ್ಟದ ಮೈಯಲ್ಲಿ ಅದನ್ನು ನಂಬಿ ಮನೆ ಕಟ್ಟಬೇಡಿ. ಚಾವಣಿಯನ್ನು ನಂಬಿ. 1,500 ಚದರ ಅಡಿ ಚಾವಣಿಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 97 ಸಾವಿರ ಲೀಟರ್. ಸೋರಿಕೆ, ಮೊದಲ ಮಳೆಯ ಕೊಳೆ ಕಳೆದರೂ 75 ಸಾವಿರ ಕೈಗೆ ಸಿಗುತ್ತದೆ. ತೊಟ್ಟಿಯನ್ನು ಮನೆಯ ಮೇಲುಗಡೆ ಗಟ್ಟಿ ಬಂಡೆಯ ಮೇಲೆ ಕೂರಿಸಿದರೆ ಪಂಪ್ ಇಲ್ಲದೆ ನಲ್ಲಿಗೆ ಬರುತ್ತದೆ, ಆದರೆ ಚಾವಣಿಯಿಂದ ಅಲ್ಲಿಗೆ ಏರಿಸಬೇಕು. ಅದಕ್ಕೆ ನಾನು ಕೆಳಗೆ ದೊಡ್ಡದು, ಮೇಲೆ ಚಿಕ್ಕದು ಎಂದು ಎರಡು ತೊಟ್ಟಿ ಇಡುತ್ತೇನೆ.

ಶೌಚದ ಗುಂಡಿ ಎಲ್ಲಿರಬೇಕು?

ಮನೆಗಿಂತ ಕೆಳಗೆ, ತಡೆಗೋಡೆಯ ಬೆನ್ನಿಗೆ ಎಂದಿಗೂ ಬೇಡ. ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರವಿರಬೇಕು. ಸೀಳು ಬಂಡೆಯ ನೆಲದಲ್ಲಿ ಅದರ ಎರಡರಷ್ಟು ಬಿಡಿ. ಕೆಳಗಿನ ಊರಿನ ಬಾವಿ ಎಲ್ಲಿದೆ ಎಂದು ಕೇಳಿ ತಿಳಿದುಕೊಂಡು ಜಾಗ ಗುರುತಿಸಿ.

ಕಾರು ಮನೆ ಬಾಗಿಲಿಗೇ ಬರಬೇಕು. ವಯಸ್ಸಾದ ಅಪ್ಪ ಅಮ್ಮ ಇದ್ದಾರೆ.

ಲೆಕ್ಕ ಹಾಕೋಣ. ಕಾರಿಗೆ ಎಂಟು ಅಡಿಗೆ ಒಂದು ಅಡಿ ಏರು ಆದೀತು. ಮನೆ ರಸ್ತೆಗಿಂತ 20 ಅಡಿ ಮೇಲಿದ್ದರೆ 160 ಅಡಿ ಉದ್ದದ, ತಿರುವುಗಳಿರುವ ರಸ್ತೆ ಕಡಿಯಬೇಕು. ಎಷ್ಟೋ ಕಡೆ ಮನೆಗಿಂತ ಹೆಚ್ಚು ಬೆಟ್ಟ ಕಡಿಯುವುದು ಈ ರಸ್ತೆಗಾಗಿಯೇ. ಅದರ ಬದಲು ಮನೆಯನ್ನೇ ರಸ್ತೆಯ ಹತ್ತಿರಕ್ಕೆ ತನ್ನಿ. ರಸ್ತೆ ಮೇಲಿದ್ದು ಜಾಗ ಕೆಳಗಿದ್ದರೆ ಇನ್ನೂ ಅನುಕೂಲ: ಕಾರು ಚಾವಣಿಯ ಮಟ್ಟದಲ್ಲಿ ನಿಲ್ಲುತ್ತದೆ, ಹಿರಿಯರ ಕೋಣೆ ಆ ಮಟ್ಟದಲ್ಲೇ ಇರಲಿ, ಅಡುಗೆಮನೆಯೂ ಅಲ್ಲೇ. ಮಕ್ಕಳ ಕೋಣೆಗಳು ಕೆಳಗೆ ಇಳಿಯಲಿ. ಮೆಟ್ಟಿಲು ಇರುವಲ್ಲಿ ಆರು ಇಂಚಿಗಿಂತ ಎತ್ತರ ಬೇಡ, ಒಂದು ಅಡಿ ತುಳಿ, ಹತ್ತು ಮೆಟ್ಟಿಲಿಗೊಂದು ಕೂರುವ ಕಟ್ಟೆ, ಎರಡೂ ಬದಿ ಕೈಹಿಡಿ. ಮಂಡಿ ನೋವಿನ ನನ್ನ ಅತ್ತೆಯವರಿಗೆ ಆ ಕಟ್ಟೆಗಳೇ ಇಡೀ ಮನೆಯಲ್ಲಿ ಹೆಚ್ಚು ಇಷ್ಟವಾದ ಜಾಗ.

ಗೋಡೆಗೆ ಯಾವ ಸಾಮಗ್ರಿ ಒಳ್ಳೆಯದು?

ಪ್ರತಿ ಮೂಟೆ ಸಿಮೆಂಟ್ 50 ಕಿಲೋ, ಕೊನೆಯ ಏರನ್ನು ಯಾರೋ ಹೆಗಲ ಮೇಲೆ ಹೊರಬೇಕು. ಆದ್ದರಿಂದ ಅಲ್ಲೇ ಸಿಗುವುದನ್ನು ಬಳಸಿ. ಪಾಯ ಅಗೆದಾಗ ಬರುವ ಕೆಂಪು ಗೊರಚನ್ನು ಜರಡಿ ಹಿಡಿದು, ಬೇಕಾದರೆ ಮರಳು ಬೆರೆಸಿ, ಶೇಕಡಾ 6–8ರಷ್ಟು ಸಿಮೆಂಟ್ ಹಾಕಿ ಯಂತ್ರದಲ್ಲಿ ಒತ್ತಿದರೆ ಮಣ್ಣಿನ ಇಟ್ಟಿಗೆ ಸಿದ್ಧ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು 1970ರ ದಶಕದಿಂದ ಈ ಇಟ್ಟಿಗೆಯ ಮೇಲೆ ದುಡಿದಿದ್ದಾರೆ. ಸುಡುವ ಸೌದೆ ಬೇಡ, ಅಗೆದ ಮಣ್ಣನ್ನು ಕೆಳಗೆ ತಳ್ಳುವ ಪಾಪವೂ ಇಲ್ಲ. ಕೆಳ ಮಟ್ಟಕ್ಕೆ ಸೈಜುಗಲ್ಲು, ಅದರ ಮೇಲೆ ಮಣ್ಣಿನ ಇಟ್ಟಿಗೆ, ಚಾಚುವ ಭಾಗಕ್ಕೆ ಬೋಲ್ಟ್ ಹಾಕಿ ಜೋಡಿಸುವ ಉಕ್ಕು. ಇದು ನನಗೆ ಒಗ್ಗಿದ ಬಗೆ.

ಚಿರತೆ, ಹಾವು, ಕೋತಿಗಳ ಕಾಟ?

ಚಿರತೆ ನಾಯಿಗಾಗಿ ಬರುತ್ತದೆ, ರಾತ್ರಿ ನಾಯಿಯನ್ನು ಒಳಗೆ ಕಟ್ಟಿ. ಹಾವಿಗೆ ಕಲ್ಲಿನ ಸಂದಿ ಇಷ್ಟ, ಅಂಗಳಕ್ಕೆ ದೀಪ ಇರಲಿ. ಕೋತಿಗಳು ತೊಟ್ಟಿಯ ಮುಚ್ಚಳ ತೆಗೆಯುತ್ತವೆ, ಪೈಪು ಎಳೆಯುತ್ತವೆ. ಎಲ್ಲವನ್ನೂ ಬೋಲ್ಟ್ ಹಾಕಿ ಬಿಗಿಯಿರಿ. ಅವು ನಮಗಿಂತ ಮೊದಲು ಅಲ್ಲಿದ್ದವು.

ಕೆಲಸ ಯಾವ ತಿಂಗಳಲ್ಲಿ ಆರಂಭಿಸಬೇಕು?

ಈ ವರ್ಷದ ಉತ್ತರೆಯಿಂದ ಚಿತ್ತದವರೆಗೆ ಜಾಗದಲ್ಲಿ ನೀರು ನೋಡಿ ಗೂಟ ಹೊಡೆಯಿರಿ. ನವೆಂಬರ್‌ನಲ್ಲಿ ನಕ್ಷೆ. ಡಿಸೆಂಬರ್ ಕೊನೆಗೆ ಮಣ್ಣು ಆರಿದ ಮೇಲೆ ಮೊದಲು ಮೇಲಿನ ಅಡ್ಡಗಾಲುವೆ, ಆಮೇಲೆ ತಡೆಗೋಡೆ, ಅದರ ನಂತರ ಪಾಯ. ಈ ಮೂರೂ ಏಪ್ರಿಲ್ ಕೊನೆಯ ಭರಣಿ ಮಳೆಗೆ ಮುಂಚೆ ಮುಗಿದಿರಬೇಕು. ತೆರೆದ ಪಾಯದ ಗುಂಡಿಯೊಳಗೆ ಒಂದು ಒಳ್ಳೆಯ ಮಳೆ ಬಿದ್ದರೆ ಬದಿಗಳು ಸಡಿಲವಾಗಿ ಮತ್ತೆ ಅಗೆಯಬೇಕಾಗುತ್ತದೆ. ಮುಗಿಯುವ ಹಾಗಿಲ್ಲವೆಂದರೆ ಆ ವರ್ಷ ಕಾಲುವೆ ಒಂದನ್ನೇ ಕಟ್ಟಿ ನಿಲ್ಲಿಸಿ. ಭರಣಿ ಬಿದ್ದ ಮರುದಿನ ಬೆಳಿಗ್ಗೆ ಹೋಗಿ, ನೀವು ಹೊಡೆದ ಗೂಟಗಳ ಸಾಲಿನಲ್ಲೇ ನೀರು ಹರಿದಿದೆಯೇ, ಹೂಳುಗುಂಡಿಯಲ್ಲಿ ಎಷ್ಟು ಮಣ್ಣು ಕೂತಿದೆ ಎಂದು ನೋಡಿಕೊಂಡು ಬನ್ನಿ.